ಬಂದೂಕಿಲ್ಲದ ಸೇನೆಯ ಹುಡುಗಿಯರು

ಎರಡನೆಯ ಮಹಾಯುದ್ಧ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಟ್ಯಾಂಕು, ಬಾಂಬು, ಸೇನಾಪತಿಗಳ ಹೆಸರು. ಆ ಆರು ವರ್ಷ ಬ್ರಿಟನ್ನಿನ ಜನ ಉಂಡ ಅನ್ನವನ್ನು ಬೆಳೆದವರು ಯಾರು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದು ಅಪರೂಪ.

ಯುದ್ಧಕ್ಕೆ ಮುಂಚೆ ಬ್ರಿಟನ್ ತನ್ನ ಆಹಾರದ ಅರ್ಧಕ್ಕೂ ಹೆಚ್ಚು ಪಾಲನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನೇ ಮುಳುಗಿಸತೊಡಗಿದವು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. 1941ರ ಜೂನ್‌ನಲ್ಲಿ ಬಟ್ಟೆಗೂ ಕೂಪನ್ ಬಂತು. ದೇಶದೊಳಗೇ ಹೆಚ್ಚು ಬೆಳೆಯಬೇಕಿತ್ತು. ಆದರೆ ಹೊಲದಲ್ಲಿ ದುಡಿಯುತ್ತಿದ್ದ ಅನೇಕ ಗಂಡಸರು ಸೈನ್ಯ ಸೇರಿದ್ದರು.

ಅವರ ಜಾಗ ತುಂಬಿದ್ದು 1939ರ ಜೂನ್‌ನಲ್ಲಿ ಆರಂಭವಾಗಿದ್ದ 'ವಿಮೆನ್ಸ್ ಲ್ಯಾಂಡ್ ಆರ್ಮಿ'. ಹೆಸರಿಗೆ ಸೇನೆ, ವಾಸ್ತವದಲ್ಲಿ ಅದು ನಾಗರಿಕ ಸಂಸ್ಥೆ. ಸೇರಿದವರಲ್ಲಿ ಸುಮಾರು ಮೂರನೇ ಒಂದು ಪಾಲು ಲಂಡನ್ ಹಾಗೂ ಕೈಗಾರಿಕಾ ನಗರಗಳ ಹುಡುಗಿಯರು. ಅಂಗಡಿ, ಕಚೇರಿಗಳಲ್ಲಿದ್ದವರು ಕಂದು ಚಲ್ಲಣ, ಹಸಿರು ಸ್ವೆಟರು ತೊಟ್ಟು ಹಳ್ಳಿಗೆ ಹೊರಟರು. ನಸುಕಿನಲ್ಲೇ ಎದ್ದು ಹಾಲು ಕರೆಯುವುದು, ಕೊರೆಯುವ ಚಳಿಯಲ್ಲಿ ಗಡ್ಡೆ ಕೀಳುವುದು, ಟ್ರ್ಯಾಕ್ಟರ್ ಓಡಿಸುವುದು, ಕಣಜದ ಇಲಿಗಳನ್ನು ಕೊಲ್ಲುವುದು ಅವರ ದಿನಚರಿಯಾಯಿತು.

'ಈ ಪೇಟೆಯ ಹುಡುಗಿಯರಿಂದ ಏನಾದೀತು?' ಎಂದು ಮೂಗು ಮುರಿದ ರೈತರು ಕ್ರಮೇಣ ಅವರನ್ನೇ ನೆಚ್ಚಿಕೊಂಡರು. 1943ರ ಹೊತ್ತಿಗೆ ಇವರ ಸಂಖ್ಯೆ 80,000 ಮೀರಿತ್ತು. ಕೂಲಿಯಲ್ಲಿ ಮಾತ್ರ ಸಮಾನತೆ ಇರಲಿಲ್ಲ. ಆರಂಭದಲ್ಲಿ ವಾರಕ್ಕೆ 28 ಶಿಲಿಂಗ್. ಅದರಲ್ಲಿ ಅರ್ಧದಷ್ಟು ಊಟ, ವಸತಿಗೇ ಹೋಗುತ್ತಿತ್ತು. ಗಂಡಾಳಿಗೆ ಇದಕ್ಕಿಂತ ಸುಮಾರು ಹತ್ತು ಶಿಲಿಂಗ್ ಹೆಚ್ಚು.

ಯುದ್ಧ ಮುಗಿಯುವ ಸೂಚನೆ ಕಂಡಾಗ ಸರ್ಕಾರ ಸೇನೆಯಿಂದ ಬಿಡುಗಡೆಯಾಗುವವರಿಗೆ ಇನಾಮು, ಸೌಲಭ್ಯಗಳನ್ನು ಗೊತ್ತುಮಾಡಿತು. ಲ್ಯಾಂಡ್ ಆರ್ಮಿಯ ಹುಡುಗಿಯರಿಗೆ ಅವು ಇಲ್ಲ, ಅವರು ನಾಗರಿಕರು! ಇದನ್ನು ಪ್ರತಿಭಟಿಸಿ ಸಂಸ್ಥೆಯ ಮುಖ್ಯಸ್ಥೆ ಲೇಡಿ ಡೆನ್ಮನ್ 1945ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು.

ಯುದ್ಧ ನಿಂತರೂ ಆಹಾರದ ಅಭಾವ ನಿಲ್ಲಲಿಲ್ಲ. ರೇಷನ್ ಪೂರ್ತಿ ಕೊನೆಗೊಂಡದ್ದು 1954ರಲ್ಲಿ. ಹೀಗಾಗಿ ಲ್ಯಾಂಡ್ ಆರ್ಮಿ 1950ರವರೆಗೂ ದುಡಿಯಿತು. ಬದುಕುಳಿದ ಸದಸ್ಯೆಯರಿಗೆ ಸರ್ಕಾರ ಗೌರವದ ಬಿಲ್ಲೆ ನೀಡಿದ್ದು 2008ರಲ್ಲಿ. 1940ರಲ್ಲಿ ಹದಿನೆಂಟರ ಹರೆಯದಲ್ಲಿ ಹೊಲಕ್ಕಿಳಿದವಳಿಗೆ ಆಗ ಎಂಬತ್ತಾರು ವರ್ಷ. ಅವಳ ಜೊತೆ ಗಡ್ಡೆ ಕಿತ್ತ ಗೆಳತಿಯರಲ್ಲಿ ಅನೇಕರು ಆ ಬಿಲ್ಲೆಯನ್ನು ಕಾಣಲೇ ಇಲ್ಲ.