ಮನೆಗೆ ಬಂದ ಬಬ್ರುವಾಹನ

ಚಿತ್ರಮಂದಿರದಲ್ಲಿ ಒಂದು ಕೃತಿಯನ್ನು ನೋಡಿ ಇದು ಚೆನ್ನು, ಇದು ಚೆನ್ನಲ್ಲ ಎಂದು ನುಡಿಯುವುದು ಒಂದು ಬಗೆಯ ವಿಮರ್ಶೆ. ಅದೇ ಕೃತಿಯು ಸಿ.ಡಿ.ಯಲ್ಲಿ ಅಡಕವಾಗಿ ಗೃಹಸ್ಥನ ಪಡಸಾಲೆಗೆ ಬಂದಾಗ ಆ ಪ್ರತಿಯು ಯೋಗ್ಯವೋ ಅಲ್ಲವೋ ಎಂದು ಹೇಳುವುದು ಬೇರೊಂದು ಬಗೆಯದು. ಕಾವ್ಯವು ಉತ್ತಮವಾಗಿದ್ದು ಓಲೆಯ ಪ್ರತಿಯು ಅಶುದ್ಧವಾಗಿರಬಹುದು. ಲಿಪಿಕಾರನ ದೋಷವನ್ನು ಕವಿಯ ತಲೆಗೆ ಕಟ್ಟುವುದು ನ್ಯಾಯವಲ್ಲವಷ್ಟೆ. ನಮ್ಮ ಮಂಡಿಪೇಟೆಯಲ್ಲಿ ಅಕ್ಕಿ ಬೇಳೆ ಕೊಳ್ಳುವ ಗಿರಾಕಿಯು ಚೀಲದ ಮೇಲಿನ ಮುದ್ರೆಯನ್ನು ನಂಬದೆ ಒಂದು ಹಿಡಿ ಕಾಳನ್ನು ಅಂಗೈಮೇಲೆ ಹರಡಿ ನೋಡುತ್ತಾನೆ; ಚಿತ್ರದ ಪ್ರತಿಗೆ ಮಾತ್ರ ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ.

ಉದಾಹರಣೆಗೆ 1977ರ 'ಬಬ್ರುವಾಹನ'ವನ್ನು ತೆಗೆದುಕೊಳ್ಳೋಣ. ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನ, ಟಿ. ಜಿ. ಲಿಂಗಪ್ಪನವರ ಸಂಗೀತ, ಅರ್ಜುನನೂ ಬಬ್ರುವಾಹನನೂ ಆಗಿ ಡಾ. ರಾಜಕುಮಾರ್ ಒಬ್ಬರೇ. ಕಥೆಯನ್ನು ನಮ್ಮ ಮನೆಗಳ ಹಿರಿಯರು ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದಲೇ ಅರಿತಿದ್ದರು: ಅಶ್ವಮೇಧದ ಕುದುರೆಯನ್ನು ಕಟ್ಟಿದ ಮಗನು ಮೊದಲು ತಂದೆಗೆ ತಲೆಬಾಗುತ್ತಾನೆ, ತಾಯಿಯ ಶೀಲವನ್ನು ಹಳಿದ ತಂದೆಯನ್ನು ಅನಂತರ ರಣದಲ್ಲಿ ಕೆಡಹುತ್ತಾನೆ, ನಾಗಲೋಕದ ಮಣಿಯಿಂದ ಆ ತಂದೆಗೆ ಮರಳಿ ಪ್ರಾಣ ಬರುತ್ತದೆ. ಚಿತ್ರದ ಗುಣದ ವಿಷಯದಲ್ಲಿ ಚರ್ಚೆ ಅನಾವಶ್ಯಕ. ಪ್ರಶ್ನೆ ಇರುವುದು ನಮ್ಮ ಮನೆಯ ಪ್ರತಿಯಲ್ಲಿ ಅದರ ಎಷ್ಟು ಭಾಗ ಉಳಿದಿದೆ ಎಂಬುದರಲ್ಲಿ.

ಯುದ್ಧದ ಮಾತಿಗೆ ಬರೋಣ. 2000ದಲ್ಲಿ ಬಂದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಎಂಬ ಚೀನೀ ಭಾಷೆಯ ಪ್ರಸಿದ್ಧ ಚಿತ್ರದಲ್ಲಿ ವೀರರು ಕತ್ತಿ ಹಿಡಿದು ಬಿದಿರುಮೆಳೆಯ ತುದಿಯಲ್ಲಿ ತೇಲುತ್ತಾರೆ. ಅಲ್ಲಿ ಹಾರುವುದು ದೇಹ. ನಮ್ಮ ಪೌರಾಣಿಕ ಯುದ್ಧದಲ್ಲಿ ಹಾರುವುದು ಬಾಣ. ವೀರನು ನೆಲದಲ್ಲಿ ಕಾಲೂರಿ ನಿಲ್ಲುತ್ತಾನೆ. ಬಿಲ್ಗಾರನ ನಿಲುವುಗಳು ಐದೆಂದು ಅಮರಕೋಶವು ಎಣಿಸುತ್ತದೆ. ಬಲಗಾಲನ್ನು ಮುಂದಿಟ್ಟು ಎಡಗಾಲನ್ನು ಹಿಂದಕ್ಕೆಳೆದು ನಿಲ್ಲುವುದು ಆಲೀಢ. ಅದರ ವಿಪರ್ಯಯವು ಪ್ರತ್ಯಾಲೀಢ. ದಾವಣಗೆರೆಯ ಗರಡಿಯಲ್ಲಿ ಮಣ್ಣು ಮೆಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ವರ್ಷಗಳಿಗೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡುವ ಹಳಬರ ಕಣ್ಣು ಪೈಲ್ವಾನನ ಮುಖದ ಮೇಲಿರುವುದಿಲ್ಲ, ಪಾದದ ಮೇಲಿರುತ್ತದೆ.

ಈ ಪಾದಗಳೇ ಮನೆಯಲ್ಲಿ ಮೊದಲು ಮಾಯವಾಗುತ್ತವೆ. ಹಳೆಯ ಚಿತ್ರಗಳ ಚೌಕಟ್ಟಿನ ಅಗಲವು ನಾಲ್ಕು ಪಾಲಾದರೆ ಎತ್ತರವು ಮೂರು ಪಾಲು. ಈಗಿನ ಟೀವಿಯ ತೆರೆಯದು ಹದಿನಾರಕ್ಕೆ ಒಂಬತ್ತು. ತೆರೆಯನ್ನು ತುಂಬಿಸಬೇಕೆಂದು ಚಿತ್ರವನ್ನು ಅಗಲಕ್ಕೆ ಎಳೆದರೆ ವೀರರೆಲ್ಲರೂ ಮೂರರಲ್ಲೊಂದು ಪಾಲು ಹೆಚ್ಚು ದಪ್ಪನಾಗುತ್ತಾರೆ. ಎಳೆಯದೆ ಹಿಗ್ಗಿಸಿದರೆ ಎತ್ತರದಲ್ಲಿ ನಾಲ್ಕರಲ್ಲೊಂದು ಪಾಲು ಕತ್ತರಿಸಿಹೋಗಿ, ಮೇಲೆ ಕಿರೀಟವೂ ಕೆಳಗೆ ಪಾದವೂ ಇಲ್ಲದ ಅರ್ಜುನನು ಉಳಿಯುತ್ತಾನೆ.

ಎರಡನೆಯದು ಸ್ಫುಟತೆ. ವಿ.ಸಿ.ಡಿ.ಯ ಬಿಂಬದಲ್ಲಿ ಅಡ್ಡಲಾಗಿ 352, ಉದ್ದಕ್ಕೆ 288 ಚುಕ್ಕೆಗಳು, ಡಿ.ವಿ.ಡಿ.ಯಲ್ಲಿ 720 ಮತ್ತು 576, ಎಂದರೆ ನಾಲ್ಕರಷ್ಟು. ಮುಖವೊಂದೇ ತೆರೆಯಲ್ಲಿದ್ದಾಗ ವ್ಯತ್ಯಾಸವು ಅಷ್ಟಾಗಿ ಕಾಣದು. ಬಾಣಗಳು ಆಕಾಶದಲ್ಲಿ ಸಂಧಿಸುವಾಗ, ನಾಗಲೋಕದ ಕತ್ತಲೆಯಲ್ಲಿ, ವಿ.ಸಿ.ಡಿ.ಯು ಸೋಲುತ್ತದೆ. ತಂದೆ ಮಗ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ನಿಲ್ಲುವ ದೃಶ್ಯಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಆ ಕಾಲದಲ್ಲಿ ಮಸೂರದ ಅರ್ಧವನ್ನು ಮುಚ್ಚಿ ಒಮ್ಮೆ, ಫಿಲ್ಮನ್ನು ಹಿಂದಕ್ಕೆ ಸುತ್ತಿ ಉಳಿದರ್ಧಕ್ಕೆ ಮತ್ತೊಮ್ಮೆ ಚಿತ್ರೀಕರಿಸುತ್ತಿದ್ದರು. ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು. ನಕಲು ತೆಗೆಯುವವನು ಬೆಳಕನ್ನು ಅತಿಯಾಗಿ ಹೆಚ್ಚಿಸಿದರೆ ನಡುವಣ ಹೊಲಿಗೆ ಬಯಲಾಗುತ್ತದೆ. ಆಗ ನೋಡುಗನು ಛಾಯಾಗ್ರಾಹಕನನ್ನು ಬಯ್ಯುವನು!

ಚಿತ್ರವನ್ನು ಕತ್ತರಿಸಿದ್ದಾರೆಂಬ ದೂರನ್ನು ಪದೇ ಪದೇ ಕೇಳುತ್ತೇವೆ. ದೂರುವ ಮೊದಲು ಸ್ವಲ್ಪ ಗಣಿತ ಮಾಡುವುದು ಒಳ್ಳೆಯದು. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಗಳು ಓಡುತ್ತವೆ. ನಮ್ಮ ದೇಶದ ಹಳೆಯ ಟೀವಿ ಪದ್ಧತಿಯಲ್ಲಿ 25. ಆದಕಾರಣ 150 ನಿಮಿಷದ ಚಿತ್ರವು ಒಂದು ಚೌಕವನ್ನೂ ಕಳೆದುಕೊಳ್ಳದೆಯೇ 144 ನಿಮಿಷದಲ್ಲಿ ಮುಗಿಯಬಹುದು. ನಿಜವಾದ ಉದ್ದವು ಚಿತ್ರದ ಆದಿಯಲ್ಲಿ ಬರುವ ಸೆನ್ಸಾರ್ ಪತ್ರದಲ್ಲಿ ಮೀಟರುಗಳ ಲೆಕ್ಕದಲ್ಲಿ ನಮೂದಾಗಿರುತ್ತದೆ. 35 ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ ಸುಮಾರು 27.4 ಮೀಟರು ಓಡುವುದರಿಂದ, 4,110 ಮೀಟರು ಎಂದಿದ್ದರೆ 150 ನಿಮಿಷವೆಂದು ತಿಳಿಯತಕ್ಕದ್ದು. ಆರು ನಿಮಿಷದ ಕೊರತೆಯು ವೇಗದ ಪರಿಣಾಮವಿರಬಹುದು. ಇಪ್ಪತ್ತು ನಿಮಿಷದ್ದು ಕತ್ತರಿಯ ಕೆಲಸವೇ ಸರಿ. ಸೆನ್ಸಾರ್ ಪತ್ರವನ್ನೇ ಕತ್ತರಿಸಿ ತೆಗೆದಿದ್ದರೆ ಸಂಶಯ ಪಡುವುದಕ್ಕೆ ಕಾರಣವುಂಟು.

ವೇಗದ ಪೆಟ್ಟು ಸಂಗೀತಕ್ಕೂ ತಗಲುತ್ತದೆ. ಶ್ರುತಿಯು ಅರ್ಧ ಸ್ವರಕ್ಕೆ ತುಸು ಕಡಿಮೆಯಾಗಿ ಮೇಲೇರುತ್ತದೆ. ಹಾರ್ಮೋನಿಯಂ ಬಲ್ಲ ಮಕ್ಕಳಿರುವ ಮನೆಯಲ್ಲಿ ಇದು ಕೂಡಲೆ ಗೊತ್ತಾಗುವುದು. 'ಬಬ್ರುವಾಹನ'ದಲ್ಲಿ ತಂದೆ ಮಗನ ವಾಗ್ಯುದ್ಧದ ಹಾಡನ್ನು ಪಿ. ಬಿ. ಶ್ರೀನಿವಾಸ್ ಮತ್ತು ರಾಜಕುಮಾರ್ ಕೂಡಿ ಹಾಡಿದ್ದಾರೆ. ದೇಹ ಒಂದು, ಕಂಠ ಎರಡು. ಈ ಎರಡು ಕಂಠಗಳ ಭೇದವು ಸ್ಪಷ್ಟವಾಗಿ ಕೇಳಿದರೆ ಧ್ವನಿಯ ಪಾಲಿಗೆ ಪ್ರತಿಯು ತೇರ್ಗಡೆಯಾಯಿತೆನ್ನಬಹುದು.

ನಮ್ಮ ಮನೆಯಲ್ಲಿರುವ ವಿ.ಸಿ.ಡಿ.ಯು ಧ್ವನಿಯಲ್ಲಿ ತೇರ್ಗಡೆ, ಬಿಂಬದಲ್ಲಿ ಮಧ್ಯಮ. ದೊಡ್ಡ ನ್ಯೂನತೆಯೆಂದರೆ ಹೊದಿಕೆಯಲ್ಲಿ ನಟರ ಚಿತ್ರಗಳಿವೆ, ಬೆಲೆಯಿದೆ. ಯಾವ ಫಿಲ್ಮಿನಿಂದ, ಯಾವ ವರ್ಷ ನಕಲು ತೆಗೆದದ್ದೆಂಬ ಮಾತೇ ಇಲ್ಲ. ಬಡ ಲಿಪಿಕಾರನೂ ಓಲೆಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡುತ್ತಿದ್ದನು. ಪುಣೆಯ ಭಂಡಾರಕರ ಸಂಸ್ಥೆಯವರು ಮಹಾಭಾರತದ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸಲು 1919ರಲ್ಲಿ ತೊಡಗಿ 1966ರಲ್ಲಿ ಮುಗಿಸಿದರು. ಹೋಲಿಸುವುದಕ್ಕೆ ಅವರಿಗೆ ಪ್ರತಿಗಳಾದರೂ ಇದ್ದವು. 1934ರ ಮಾರ್ಚಿ ತಿಂಗಳಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಮೂಲ ಫಿಲ್ಮು ಹಾಳಾದ ಇತರ ಚಿತ್ರಗಳಿಗೆ, ಗೃಹಸ್ಥರ ಅಟ್ಟದಲ್ಲಿ ಧೂಳು ಹಿಡಿದಿರುವ ಸಿ.ಡಿ.ಯೇ ನಾಳೆ ಏಕೈಕ ಮಾತೃಕೆಯಾಗಬಹುದು. ಆದುದರಿಂದ ಮಧ್ಯಮವೆಂದು ಅದನ್ನು ಗುಜರಿಗೆ ಹಾಕಬಾರದು. ಗೀರು ಬೀಳದಂತೆ ಅಂಚು ಹಿಡಿದು ತೆಗೆದು, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು.

ನೋಡುವಾಗ ರಿಮೋಟಿನಲ್ಲಿ ನಾಲ್ಕಕ್ಕೆ ಮೂರರ ಅಳತೆಯನ್ನು ಆರಿಸಿಕೊಳ್ಳಿರಿ. ಎರಡು ಪಕ್ಕಗಳಲ್ಲಿಯೂ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ. ಬಬ್ರುವಾಹನನ ಕಾಲುಗಳು ಕಾಣುತ್ತವೆ.