ಚೆರ್ನೋಬಿಲ್: ಕಂಡದ್ದೆಷ್ಟು, ಕಟ್ಟಿದ್ದೆಷ್ಟು?

ಇರುವುದು ಐದೇ ಕಂತು. ಒಟ್ಟು ಅವಧಿ ಸುಮಾರು ಐದೂವರೆ ಗಂಟೆ. ಮೊದಲ ಕೆಲವು ನಿಮಿಷಗಳಲ್ಲೇ ಕಥಾನಾಯಕ ಸಾಯುತ್ತಾನೆ. ಆಮೇಲೆ ಬರುವ ದೃಶ್ಯಗಳೆಲ್ಲ ಬೂದಿ ಮೆತ್ತಿದ ಬಣ್ಣದವು. ಆಸ್ಪತ್ರೆಯಲ್ಲಿ ನರಳುವ ಯುವಕರು, ಬಸ್ಸು ಹತ್ತಿ ಊರು ಬಿಡುವ ಸಂಸಾರಗಳು, ಗುಂಡಿಗೆ ಬಲಿಯಾಗುವ ಸಾಕುನಾಯಿಗಳು. ಇಂಥದ್ದನ್ನು ಯಾರು ನೋಡುತ್ತಾರೆ ಎಂದು ಕೇಳಬಹುದು. ಆದರೆ 2019ರ ಮೇ-ಜೂನ್‌ನಲ್ಲಿ ಅಮೆರಿಕದ ಎಚ್‌ಬಿಒ ಮತ್ತು ಬ್ರಿಟನ್ನಿನ ಸ್ಕೈ ವಾಹಿನಿಗಳು ಪ್ರಸಾರ ಮಾಡಿದ ‘ಚೆರ್ನೋಬಿಲ್’ ಧಾರಾವಾಹಿಯನ್ನು ಜಗತ್ತಿನ ಉದ್ದಗಲಕ್ಕೂ ಜನ ಉಸಿರು ಬಿಗಿಹಿಡಿದು ನೋಡಿದರು. ಭಾರತದಲ್ಲಿ ಅದು ಹಾಟ್‌ಸ್ಟಾರ್ ಮೂಲಕ ಮನೆಮನೆಗೆ ಬಂತು. ಆ ವರ್ಷ ಹತ್ತು ಎಮ್ಮಿ ಪ್ರಶಸ್ತಿಗಳು ಅದರ ಪಾಲಾದವು.

ಹೊಗಳಿಕೆಯ ಬೆನ್ನಿಗೇ ತಕರಾರುಗಳೂ ಬಂದವು. ಇದು ಸತ್ಯಕಥೆ ಎಂದರು ಕೆಲವರು. ಸುಳ್ಳಿನ ಕಂತೆ ಎಂದರು ಇನ್ನು ಕೆಲವರು. ನಟನೆ ಚೆನ್ನ, ವಿಜ್ಞಾನ ತಪ್ಪು ಎಂದರು ವೈದ್ಯರು. ಒಂದೇ ಧಾರಾವಾಹಿಗೆ ಇಷ್ಟೊಂದು ಬಗೆಯ ಪ್ರತಿಕ್ರಿಯೆ ಏಕೆ? ಚರಿತ್ರೆಯನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಪರದೆಯಿಂದಲೇ ಕಲಿಯುತ್ತಿರುವ ಮಕ್ಕಳೂ ಅವರ ಪಾಲಕರೂ ಯೋಚಿಸಬೇಕಾದ ಪ್ರಶ್ನೆ ಇದು.

ಆ ರಾತ್ರಿ ನಡೆದದ್ದು

ಮೊದಲು ನಿಜಸಂಗತಿ. ಆಗಿನ ಸೋವಿಯತ್ ಒಕ್ಕೂಟದ ಉಕ್ರೇನಿನಲ್ಲಿದ್ದ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದ ನಾಲ್ಕನೇ ರಿಯಾಕ್ಟರ್ 1986ರ ಏಪ್ರಿಲ್ 26ರ ನಡುರಾತ್ರಿ 1 ಗಂಟೆ 23 ನಿಮಿಷಕ್ಕೆ ಸ್ಫೋಟಿಸಿತು. ವಿಪರ್ಯಾಸವೆಂದರೆ ಅಲ್ಲಿ ಆಗ ನಡೆಯುತ್ತಿದ್ದುದು ಒಂದು ಸುರಕ್ಷತಾ ಪರೀಕ್ಷೆ. ಹೊರಗಿನ ವಿದ್ಯುತ್ ಕಡಿದುಹೋದರೆ, ಡೀಸೆಲ್ ಜನರೇಟರುಗಳು ಚಾಲೂ ಆಗುವವರೆಗೆ, ವೇಗ ಕಳೆದುಕೊಳ್ಳುತ್ತ ತಿರುಗುತ್ತಿರುವ ಟರ್ಬೈನಿನಿಂದಲೇ ನೀರಿನ ಪಂಪುಗಳನ್ನು ನಡೆಸಬಹುದೇ ಎಂದು ನೋಡುವುದು ಅದರ ಉದ್ದೇಶ.

ಪರೀಕ್ಷೆ ತಡವಾಗಿ ರಾತ್ರಿ ಪಾಳಿಯವರ ಪಾಲಿಗೆ ಬಂತು. ರಿಯಾಕ್ಟರಿನ ಶಕ್ತಿ ಬೇಕಾದ ಮಟ್ಟಕ್ಕಿಂತ ಬಹಳ ಕೆಳಗೆ ಕುಸಿಯಿತು. ಅದನ್ನು ಮೇಲೆತ್ತಲು ನಿಯಂತ್ರಣ ಸರಳುಗಳನ್ನು ಒಂದೊಂದಾಗಿ ಹೊರಗೆಳೆದರು. ಆ ವಿನ್ಯಾಸದಲ್ಲಿ ಎರಡು ದೋಷಗಳಿದ್ದವು. ನೀರು ಆವಿಯಾದಷ್ಟೂ ಶಕ್ತಿ ಏರುತ್ತಿತ್ತು. ಜತೆಗೆ, ನಿಲ್ಲಿಸುವುದಕ್ಕೆಂದು ಒಳಗೆ ಇಳಿಸುವ ಸರಳುಗಳ ಕೆಳತುದಿಗೆ ಗ್ರಾಫೈಟ್ ಭಾಗ ಇದ್ದುದರಿಂದ ಮೊದಲ ಕೆಲವು ಕ್ಷಣ ಅವು ಶಕ್ತಿಯನ್ನು ತಗ್ಗಿಸುವ ಬದಲು ಹೆಚ್ಚಿಸುತ್ತಿದ್ದವು. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಮುಂದಕ್ಕೆ ಜಿಗಿದಂತೆ. ತುರ್ತು ಗುಂಡಿ ಒತ್ತಿದಾಗ ಆದದ್ದು ಅದೇ.

ಇಬ್ಬರು ಕೆಲಸಗಾರರು ಸ್ಫೋಟದಿಂದಲೇ ಸತ್ತರು. ತೀವ್ರ ವಿಕಿರಣ ಬೇನೆಗೆ ಸಿಕ್ಕ 134 ಮಂದಿಯಲ್ಲಿ 28 ಮಂದಿ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಪಕ್ಕದ ಪ್ರಿಪ್ಯಾಟ್ ಪಟ್ಟಣದ ಸುಮಾರು 49,000 ಜನರನ್ನು ಸಾಗಿಸಿದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಮಕ್ಕಳು ಬಯಲಲ್ಲಿ ಆಡಿಕೊಂಡಿದ್ದರು. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದ ಮಾಪಕಗಳು ಏಪ್ರಿಲ್ 28ರಂದು ಎಚ್ಚರಿಸಿದ ಮೇಲೆ, ಅದೇ ಸಂಜೆ ಸೋವಿಯತ್ ಸರ್ಕಾರ ಬಾಯಿ ಬಿಟ್ಟಿತು.

ಮೆಚ್ಚಿದವರ ಮಾತು

ಕ್ರೇಗ್ ಮೇಜಿನ್ ಬರೆದು ಯೋಹಾನ್ ರೆಂಕ್ ನಿರ್ದೇಶಿಸಿದ ಈ ಧಾರಾವಾಹಿಯಲ್ಲಿ ಜನರನ್ನು ಮೊದಲು ಸೆಳೆದದ್ದು ಅದರ ಕಾಲನಿಷ್ಠೆ. ಚಿತ್ರೀಕರಣ ನಡೆದದ್ದು ಬಹುಮಟ್ಟಿಗೆ ಲಿಥುವೇನಿಯಾದಲ್ಲಿ. ಚೆರ್ನೋಬಿಲ್ ಮಾದರಿಯದೇ ಆದ, ಈಗ ಮುಚ್ಚಿರುವ ಇಗ್ನಾಲಿನಾ ಸ್ಥಾವರ ಇರುವುದು ಅಲ್ಲೇ. ಅಡುಗೆಮನೆಯ ಪಾತ್ರೆಪಗಡ, ಗೋಡೆಯ ಕಾಗದ, ಸಮವಸ್ತ್ರ ಎಲ್ಲವೂ ತಮ್ಮ ಬಾಲ್ಯದಲ್ಲಿ ಕಂಡಂತೆಯೇ ಇವೆ ಎಂದು ಸೋವಿಯತ್ ನಾಡಿನಲ್ಲಿ ಬೆಳೆದವರೇ ಬೆರಗಾದರು. ಪಾತ್ರಗಳು ಇಂಗ್ಲಿಷಿನಲ್ಲಿ ಮಾತಾಡುತ್ತವೆಂಬ ದೂರೂ ಇತ್ತು. ರಷ್ಯನ್ನರ ಉಚ್ಚಾರವನ್ನು ಅನುಕರಿಸಿ ನಗೆಪಾಟಲಾಗುವುದಕ್ಕಿಂತ ಅದೇ ಲೇಸು ಎಂದು ತಯಾರಕರು ತೀರ್ಮಾನಿಸಿದ್ದರು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಹಿಡಿಸಿದ್ದು ಕೊನೆಯ ಕಂತು. ವಿಜ್ಞಾನಿ ವಲೇರಿ ಲೆಗಾಸೊವ್ ನ್ಯಾಯಾಲಯದಲ್ಲಿ ಕೆಂಪು ಮತ್ತು ನೀಲಿ ಫಲಕಗಳನ್ನಿಟ್ಟು, ಯಾವುದು ಶಕ್ತಿಯನ್ನು ಏರಿಸುತ್ತದೆ, ಯಾವುದು ಇಳಿಸುತ್ತದೆ ಎಂದು ವಿವರಿಸುತ್ತಾನೆ. ಅಣು ಭೌತಶಾಸ್ತ್ರವನ್ನು ಇಷ್ಟು ಸರಳವಾಗಿ, ಬಹುಮಟ್ಟಿಗೆ ಸರಿಯಾಗಿ ಪರದೆಯ ಮೇಲೆ ತಂದದ್ದು ಅಪರೂಪ.

ಇನ್ನೊಂದು ಪಾಠವೂ ಅದರಲ್ಲಿದೆ. ವಿಕಿರಣ ಗಂಟೆಗೆ 3.6 ರಾಂಟ್‌ಜೆನ್ ಇದೆ ಎಂದು ಅಧಿಕಾರಿಗಳು ಸಮಾಧಾನಪಡುತ್ತಾರೆ. ಆದರೆ ಕೈಯಲ್ಲಿದ್ದ ಮಾಪಕ ತೋರಿಸಬಲ್ಲ ಗರಿಷ್ಠ ಅಂಕಿಯೇ ಅದು! ಐದು ಕಿಲೋ ತೂಗುವ ತಕ್ಕಡಿಯ ಮೇಲೆ ಅಕ್ಕಿ ಮೂಟೆ ಇಟ್ಟು, ‘ಐದೇ ಕಿಲೋ ಇದೆ’ ಎಂದಂತೆ. ಇದು ಕಲ್ಪನೆಯಲ್ಲ, ಆ ರಾತ್ರಿ ನಿಜವಾಗಿಯೂ ನಡೆದದ್ದು. ಉಪಕರಣದ ಮಿತಿಯನ್ನು ಅರಿಯದೆ ಅಳತೆಯನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮುನಿದವರ ಮಾತು

ರಷ್ಯದಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಬಂತು. ‘ರಷ್ಯದ ಕಮ್ಯುನಿಸ್ಟರು’ ಎಂಬ ಸಣ್ಣ ಪಕ್ಷ ಧಾರಾವಾಹಿಯನ್ನು ನಿಷೇಧಿಸಬೇಕೆಂದು ಒತ್ತಾಯಿಸಿತು. ಅಮೆರಿಕದ ಗೂಢಚಾರನೊಬ್ಬನ ಕೈವಾಡದ ಸುತ್ತ ಹೆಣೆದ ಇನ್ನೊಂದು ಚೆರ್ನೋಬಿಲ್ ಕಥೆ ಅಲ್ಲೇ ತಯಾರಾಗುತ್ತಿದೆ ಎಂಬುದೂ ಸುದ್ದಿಯಾಯಿತು. ಆದರೆ ಆಗ ಸಂಸ್ಕೃತಿ ಸಚಿವರಾಗಿದ್ದ ವ್ಲಾದಿಮಿರ್ ಮೆದಿನ್ಸ್ಕಿ ಧಾರಾವಾಹಿಯನ್ನು ಮೆಚ್ಚಿಕೊಂಡರು. ಸಾಮಾನ್ಯ ಜನರನ್ನು ಅದು ಗೌರವದಿಂದ ಚಿತ್ರಿಸಿದೆ ಎಂದರು. ಚೆರ್ನೋಬಿಲ್‌ನ ವಿಷ ತೊಳೆಯಲು ಹೋದವರಲ್ಲಿ ಅವರ ತಂದೆಯೂ ಒಬ್ಬರು.

ಸೋವಿಯತ್ ಆಡಳಿತವನ್ನು ಟೀಕಿಸುತ್ತಲೇ ಬಂದವರಿಗೂ ಅಸಮಾಧಾನವಿತ್ತು. ಮಾಸ್ಕೋದಲ್ಲಿ ಹುಟ್ಟಿದ ಪತ್ರಕರ್ತೆ ಮಾಷಾ ಗೆಸೆನ್, ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕಾಲದ ವಿವರಗಳನ್ನು ಹೊಗಳಿಯೂ ಒಂದು ಮಾತು ಹೇಳಿದರು. ಅಧಿಕಾರಿಯೊಬ್ಬ ಮಾತು ಕೇಳದವರನ್ನು ಗುಂಡಿಟ್ಟು ಕೊಲ್ಲಿಸುತ್ತೇನೆಂದು ಗದರಿಸುವುದು ಎಂಬತ್ತರ ದಶಕದ ರೀತಿಯಲ್ಲ ಎಂದು. ಅಂದಿನ ವ್ಯವಸ್ಥೆಗೆ ಬಂದೂಕು ಬೇಕಿರಲಿಲ್ಲ. ಜನರ ರೂಢಿಗತ ಮೌನವೇ ಸಾಕಾಗಿತ್ತು. ಎಲ್ಲರನ್ನೂ ಎದುರಿಸಿ ಸತ್ಯ ಹುಡುಕುವ ವಿಜ್ಞಾನಿ ಉಲಾನಾ ಖೋಮ್ಯುಕ್ ಎಂಬಾಕೆಯೂ ಚರಿತ್ರೆಯಲ್ಲಿಲ್ಲ. ಲೆಗಾಸೊವ್ ಅವರಿಗೆ ನೆರವಾದ ಹಲವು ವಿಜ್ಞಾನಿಗಳನ್ನು ಒಂದುಗೂಡಿಸಿ ಮಾಡಿದ ಪಾತ್ರವದು. ಧಾರಾವಾಹಿಯೇ ಕೊನೆಯಲ್ಲಿ ಅದನ್ನು ಹೇಳುತ್ತದೆ. ಅಷ್ಟೇಕೆ, ಲೆಗಾಸೊವ್ ಆ ವಿಚಾರಣೆಯಲ್ಲಿ ಹಾಜರೇ ಇರಲಿಲ್ಲ.

ಪರೀಕ್ಷೆಯ ಉಸ್ತುವಾರಿ ಹೊತ್ತಿದ್ದ ಅನತೋಲಿ ದ್ಯಾಟ್ಲೊವ್ ಅವರನ್ನು ಬರೀ ಖಳನಾಯಕನನ್ನಾಗಿ ಮಾಡಿದ್ದನ್ನು ಅವರನ್ನು ಬಲ್ಲವರು ಒಪ್ಪಲಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರ ತಂಡ 1986ರಲ್ಲಿ ಹೆಚ್ಚಿನ ತಪ್ಪನ್ನು ಸಿಬ್ಬಂದಿಯ ಮೇಲೆ ಹೊರಿಸಿತ್ತು. ಅದೇ ತಂಡ 1992ರಲ್ಲಿ ತನ್ನ ವರದಿಯನ್ನು ಪರಿಷ್ಕರಿಸಿ ವಿನ್ಯಾಸದ ದೋಷಕ್ಕೆ ಹೆಚ್ಚು ಒತ್ತು ಕೊಟ್ಟಿತು. ಹತ್ತು ವರ್ಷದ ಶಿಕ್ಷೆಗೆ ಗುರಿಯಾಗಿದ್ದ ದ್ಯಾಟ್ಲೊವ್ 1995ರಲ್ಲಿ ತೀರಿಕೊಂಡರು. ಸತ್ತವರು ಪರದೆಯ ಮೇಲಿನ ಆರೋಪಕ್ಕೆ ಉತ್ತರ ಕೊಡಲಾರರು.

ವಿಕಿರಣ ಅಂಟುರೋಗವೇ?

ಇಲ್ಲಿಯವರೆಗಿನ ತಕರಾರುಗಳು ನಾಟಕಕಾರನಿಗೆ ಎಷ್ಟು ಸ್ವಾತಂತ್ರ್ಯ ಎಂಬ ಹಳೆಯ ಚರ್ಚೆಗೆ ಸೇರಿದವು. ಮುಂದಿನದು ಹೆಚ್ಚು ಗಂಭೀರ.

ಅಗ್ನಿಶಾಮಕ ದಳದ ಯುವಕನೊಬ್ಬ ಆಸ್ಪತ್ರೆಯಲ್ಲಿದ್ದಾನೆ. ಗರ್ಭಿಣಿ ಹೆಂಡತಿ ದಾದಿಯರ ಮಾತು ಮೀರಿ ಅವನ ಬಳಿ ಕೂರುತ್ತಾಳೆ. ಹುಟ್ಟಿದ ಮಗು ಸಾಯುತ್ತದೆ. ತಾಯಿಗೆ ತಗಲಬೇಕಿದ್ದ ವಿಕಿರಣವನ್ನು ಕೂಸು ಹೀರಿಕೊಂಡಿತು ಎಂದು ಪಾತ್ರವೊಂದು ಹೇಳುತ್ತದೆ. ನೋಡುಗರ ಕಣ್ಣು ಒದ್ದೆಯಾಗುತ್ತದೆ. ಆ ತಾಯಿಯ ದುಃಖ ನಿಜ. ಕೊಟ್ಟ ಕಾರಣ ಮಾತ್ರ ವಿಜ್ಞಾನಕ್ಕೆ ಹೊಂದುವುದಿಲ್ಲ.

ಬಿಸಿಲಲ್ಲಿ ನಿಂತು ಮೈ ಸುಟ್ಟುಕೊಂಡವನನ್ನು ಮುಟ್ಟಿದರೆ ಮುಟ್ಟಿದವನಿಗೆ ಬಿಸಿಲು ತಗಲುವುದಿಲ್ಲ. ಓಕುಳಿ ಆಡಿ ಬಂದವನನ್ನು ಮುಟ್ಟಿದರೆ ಮಾತ್ರ ಬಣ್ಣ ಅಂಟುತ್ತದೆ, ಅವನು ಬಟ್ಟೆ ಬದಲಿಸಿ ಮಿಂದರೆ ಅದೂ ಹೋಗುತ್ತದೆ. ವಿಕಿರಣಕ್ಕೆ ಒಡ್ಡಿಕೊಳ್ಳುವುದು ಮೊದಲನೆಯದರಂತೆ, ವಿಕಿರಣದ ಧೂಳು ಮೆತ್ತಿಕೊಳ್ಳುವುದು ಎರಡನೆಯದರಂತೆ. ಬಟ್ಟೆ ಕಳಚಿ, ಮೈ ತೊಳೆದ ರೋಗಿಯಿಂದ ಪಕ್ಕದಲ್ಲಿ ಕೂತವರಿಗೆ ಹೇಳಿಕೊಳ್ಳುವಂಥ ಅಪಾಯವಿರುವುದಿಲ್ಲ. ಅವನನ್ನು ಪರದೆಯೊಳಗೆ ಇಡುವುದು ಅವನ ರಕ್ಷಣೆಗೆ, ಏಕೆಂದರೆ ರೋಗನಿರೋಧಕ ಶಕ್ತಿ ಕುಸಿದ ಅವನಿಗೆ ಹೊರಗಿನವರ ಸೋಂಕೇ ಮೃತ್ಯು. 1986ರಲ್ಲಿ ಮಾಸ್ಕೋಗೆ ಹೋಗಿ ಈ ರೋಗಿಗಳಿಗೆ ಚಿಕಿತ್ಸೆ ನೀಡಿದ್ದ ಅಮೆರಿಕದ ವೈದ್ಯ ರಾಬರ್ಟ್ ಗೇಲ್, ಧಾರಾವಾಹಿ ಬಂದಾಗ ಇದನ್ನೇ ಎತ್ತಿ ತೋರಿಸಿದರು.

ಇನ್ನೂ ಕೆಲವು ಉತ್ಪ್ರೇಕ್ಷೆಗಳಿವೆ. ಕರಗಿದ ಇಂಧನ ನೀರಿಗೆ ತಾಗಿದರೆ ಎರಡರಿಂದ ನಾಲ್ಕು ಮೆಗಾಟನ್ ಸ್ಫೋಟವಾಗುತ್ತದೆ ಎಂಬ ಮಾತು ಬರುತ್ತದೆ. ಹಿರೋಷಿಮಾ ಬಾಂಬು ಸುಮಾರು 15 ಕಿಲೋಟನ್. ಎರಡು ಮೆಗಾಟನ್ ಎಂದರೆ ಅದರ 130 ಪಟ್ಟಿಗೂ ಹೆಚ್ಚು! ಆವಿಯ ಸ್ಫೋಟಕ್ಕೆ ಅಷ್ಟು ಶಕ್ತಿ ಬರಲು ಸಾಧ್ಯವಿಲ್ಲ. ವಿಕಿರಣದ ಹೊಗೆಗೆ ಸಿಕ್ಕು ಹೆಲಿಕಾಪ್ಟರ್ ಬಿದ್ದಂತೆ ತೋರಿಸಲಾಗಿದೆ. ನಿಜವಾಗಿ ಅದು ಬಿದ್ದದ್ದು 1986ರ ಅಕ್ಟೋಬರಿನಲ್ಲಿ, ಕ್ರೇನಿನ ತಂತಿಗೆ ತಾಗಿ. ನೀರಿನ ಕೊಳಕ್ಕೆ ಇಳಿದ ಮೂವರು ಸತ್ತೇ ಸಾಯುತ್ತಾರೆ ಎಂಬಂತೆ ಕಥೆ ಸಾಗುತ್ತದೆ. ಮೂವರೂ ಬದುಕಿ ಬಂದರು.

ಭಯಕ್ಕೂ ಬೆಲೆಯುಂಟು

‘ಕಥೆ ತಾನೇ, ಅಷ್ಟಕ್ಕೆ ಇಷ್ಟೇಕೆ?’ ಎನ್ನಬಹುದು. ಚೆರ್ನೋಬಿಲ್‌ನಿಂದ ಬಹುದೂರದ ಗ್ರೀಸ್ ದೇಶದ ನಿದರ್ಶನ ನೋಡಿ. ಅಲ್ಲಿಗೆ ತಲುಪಿದ ವಿಕಿರಣ ಅತ್ಯಲ್ಪ. ಆದರೆ ಹುಟ್ಟುವ ಮಗು ವಿಕಲಾಂಗವಾದೀತೆಂಬ ಗಾಬರಿ ಹಬ್ಬಿತು. ಬೇಕೆಂದು ಬಯಸಿದ್ದ ಸುಮಾರು 2,500 ಗರ್ಭಗಳನ್ನು ತೆಗೆಸಲಾಯಿತೆಂದು 1987ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಆ ಕೂಸುಗಳನ್ನು ಬಲಿ ತೆಗೆದುಕೊಂಡದ್ದು ವಿಕಿರಣವಲ್ಲ, ತಪ್ಪು ತಿಳಿವಳಿಕೆ. ದುರಂತದ ನಂತರ ಹುಟ್ಟಿದ 130 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹೆತ್ತವರು ಪಡೆದ ವಿಕಿರಣದಿಂದ ಮಕ್ಕಳ ವಂಶವಾಹಿಗಳಲ್ಲಿ ಹೊಸ ಬದಲಾವಣೆಗಳು ಹೆಚ್ಚಿದ್ದು ಕಾಣಲಿಲ್ಲ.

ಹಾಗೆಂದು ಅಪಾಯವೇ ಇರಲಿಲ್ಲವೆಂದಲ್ಲ. ನಾಲ್ಕನೇ ಕಂತಿನ ಆರಂಭದಲ್ಲಿ ಹಳ್ಳಿಯ ಮುದುಕಿಯೊಬ್ಬಳು ಹಸು ಕರೆಯುತ್ತಿರುತ್ತಾಳೆ. ಸೈನಿಕ ಹಾಲನ್ನು ಚೆಲ್ಲುತ್ತಾನೆ. ನೋಡಲು ಕ್ರೂರವಾದ ಈ ದೃಶ್ಯದಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು; ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಸೇರಿತು. ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಫಲಿಸಿತೆಂಬುದು ಸಮಾಧಾನ. ಆ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ‘ಕೆಲವು ವಾರ ಮಕ್ಕಳಿಗೆ ಈ ಹಾಲು ಕೊಡಬೇಡಿ’ ಎಂಬ ಒಂದು ಮಾತು ಎಲ್ಲೆಡೆ ಸಕಾಲಕ್ಕೆ ಮುಟ್ಟಿದ್ದರೆ ಎಷ್ಟೋ ಮಕ್ಕಳು ಪಾರಾಗುತ್ತಿದ್ದರು. ಸತ್ಯವನ್ನು ಮುಚ್ಚಿಟ್ಟದ್ದಕ್ಕೆ ತೆತ್ತ ಬೆಲೆ ಅದು. ಧಾರಾವಾಹಿಯ ಮುಖ್ಯ ಆರೋಪವೂ ಇದೇ, ಅದು ಸುಳ್ಳಲ್ಲ.

ಮನೆಯಲ್ಲಿ ನೋಡುವಾಗ

ಕರ್ನಾಟಕದ ನೋಡುಗರಿಗೆ ಕೈಗಾ ನೆನಪಾಗುವುದು ಸಹಜ. ಅಲ್ಲಿನ ರಿಯಾಕ್ಟರುಗಳ ಮಾದರಿ ಬೇರೆ. ಗ್ರಾಫೈಟಿನ ಬದಲು ಭಾರಜಲ ಬಳಸುತ್ತಾರೆ, ಚೆರ್ನೋಬಿಲ್‌ನಲ್ಲಿ ಇಲ್ಲದ ಭದ್ರವಾದ ಕಾಂಕ್ರೀಟ್ ಕವಚವೂ ಇದೆ. ಆದ್ದರಿಂದ ಅಲ್ಲಿ ಕಂಡದ್ದೇ ಇಲ್ಲಿ ನಡೆಯುತ್ತದೆಂದು ಹೆದರಬೇಕಿಲ್ಲ. ಹಾಗೆಂದು ಪ್ರಶ್ನೆ ಕೇಳುವುದನ್ನು ಬಿಡಲೂಬಾರದು. ಕಟ್ಟುತ್ತಿದ್ದಾಗ, 1994ರಲ್ಲಿ, ಕೈಗಾದ ಒಂದು ಕವಚದ ಗುಮ್ಮಟದಿಂದ ಕಾಂಕ್ರೀಟು ಕುಸಿದು ಬಿದ್ದದ್ದನ್ನೂ ಆಮೇಲೆ ವಿನ್ಯಾಸ ತಿದ್ದಿ ಮತ್ತೆ ಕಟ್ಟಿದ್ದನ್ನೂ ನಾಡು ಕಂಡಿದೆ. ಶಿವರಾಮ ಕಾರಂತರಂಥ ಹಿರಿಯರು ಅಂದು ಎತ್ತಿದ ಪ್ರಶ್ನೆಗಳಿಗೆ ಬೆಲೆಯಿದೆ.

ಎಳೆಯ ಮಕ್ಕಳಿಗೆ ಈ ಧಾರಾವಾಹಿ ತಕ್ಕುದಲ್ಲ. ಆಸ್ಪತ್ರೆಯ ದೃಶ್ಯಗಳು, ನಾಯಿಗಳನ್ನು ಕೊಲ್ಲುವ ಭಾಗ ದೊಡ್ಡವರ ನಿದ್ದೆಯನ್ನೂ ಕೆಡಿಸಬಲ್ಲವು. ಪ್ರೌಢಶಾಲೆಯ ಮೇಲ್ತರಗತಿಯವರು, ಕಾಲೇಜಿನವರು ನೋಡುವುದಾದರೆ ಪಾಲಕರೂ ಜತೆಗಿರುವುದು ಒಳ್ಳೆಯದು. ಪ್ರತಿ ಕಂತು ಮುಗಿದ ಮೇಲೆ ಮೂರು ಪಟ್ಟಿ ಮಾಡಲು ಹೇಳಿ: ನಿಜವಾಗಿ ನಡೆದದ್ದು ಯಾವುದು, ಕಥೆಗಾಗಿ ಸೇರಿಸಿದ್ದು ಯಾವುದು, ಇನ್ನೂ ವಾದದಲ್ಲಿರುವುದು ಯಾವುದು. ಮೂರನೇ ಪಟ್ಟಿಯೂ ಖಾಲಿ ಉಳಿಯುವುದಿಲ್ಲ. ಒಟ್ಟು ಸಾವಿನ ಅಂದಾಜು 4,000ದಿಂದ 93,000ದವರೆಗೆ ಹರಡಿದೆ ಎಂದು ಧಾರಾವಾಹಿಯೇ ಕೊನೆಗೆ ತಿಳಿಸುತ್ತದೆ. ಸೋವಿಯತ್ ಸರ್ಕಾರ ಒಪ್ಪಿದ ಸಂಖ್ಯೆ 31. ಲೆಕ್ಕ ಹಾಕುವ ಕ್ರಮ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದು ಮಕ್ಕಳು ಕಲಿಯಬೇಕಾದ ಪಾಠವೇ.

ಮೆಚ್ಚಿದವರೂ ಮುನಿದವರೂ ತಂತಮ್ಮ ಮಟ್ಟಿಗೆ ಸರಿಯೇ. ಒಂದು ನಾಡು ಸತ್ಯ ಮುಚ್ಚಿಟ್ಟಾಗ ಏನಾಗುತ್ತದೆ ಎಂಬುದನ್ನು ‘ಚೆರ್ನೋಬಿಲ್’ ಮನಮುಟ್ಟುವಂತೆ ಹೇಳಿತು. ಅದನ್ನು ಹೇಳುವ ಭರದಲ್ಲಿ ತಾನೂ ಅಲ್ಲಲ್ಲಿ ಸತ್ಯವನ್ನು ಬಗ್ಗಿಸಿತು. ಸುಳ್ಳನ್ನು ಪ್ರಶ್ನಿಸಿ ಎನ್ನುವ ಕಥೆಯನ್ನೇ ಪ್ರಶ್ನಿಸಿ ನೋಡುವ ವಿದ್ಯಾರ್ಥಿ ಆ ಕಥೆಯ ಪಾಠವನ್ನು ಸರಿಯಾಗಿಯೇ ಕಲಿತಿದ್ದಾನೆ.