ಅಟ್ಟದ ಮೇಲಿನ ನೀಲಿ ಟೀ ಪಾಟು

ಚನ್ನಪಟ್ಟಣದ ಬೊಂಬೆ ಅಂಗಡಿಗಳಲ್ಲಿ ಮಕ್ಕಳ ಅಡಿಗೆ ಆಟದ ಸಾಮಾನಿನ ನಡುವೆ ಅರಗಿನ ಬಣ್ಣದ ಪುಟ್ಟ ಟೀ ಪಾಟೊಂದು ಇರುತ್ತದೆ, ತಾವೂ ಕೊಂಡಿರಬಹುದು. ಕಾಫಿಯ ಮನೆಗಳ ಮಕ್ಕಳಿಗೆ ಟೀ ಪಾಟಿನ ಮೊದಲ ಪರಿಚಯ ಹೀಗೆ ಮರದ ಮೂಲಕವೇ. ಕೆಂಗಲ್ಲಿನ ನಮ್ಮ ಮನೆಯ ಅಟ್ಟದ ಮೇಲೆ ಮಾತ್ರ ಪಿಂಗಾಣಿಯದೇ ಒಂದಿತ್ತು. ಬಿಳಿಯ ಮೈ, ನೀಲಿಯ ಚಿತ್ರ. ಮುಚ್ಚಳವಿಲ್ಲ. ಹಿಡಿ ಎಂದೋ ಮುರಿದಿತ್ತು. ಸಣ್ಣ ತೂತು ಕೊರೆದು ಲೋಹದ ಕೊಂಡಿಗಳಿಂದ ಬಿಗಿದಿದ್ದರು. ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಯಾವನೋ ದೊರೆಯ ಬಂಗಲೆಯ ಸಾಮಾನು ಹರಾಜಾದಾಗ ನಮ್ಮ ತಾತ ತಂದರೆಂದು ಮನೆಯ ಮಾತು. ಮಡಿಯ ಅಡಿಗೆಮನೆಯಲ್ಲಿ ಪಿಂಗಾಣಿಯ ಪೈಕಿ ಉಪ್ಪಿನಕಾಯಿ ಜಾಡಿಗೆ ಮಾತ್ರ ಪ್ರವೇಶ. ಆದ್ದರಿಂದ ಟೀ ಪಾಟು ಅಟ್ಟ ಸೇರಿತು. ಯಾರೂ ಬಳಸದ್ದರಿಂದಲೇ ಉಳಿಯಿತು.

ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಹಳೆಯ ಇಂಗ್ಲಿಷ್ ಪಿಂಗಾಣಿಯ ಗೀಳು ಹಿಡಿದ ಮೇಲೆ ಬೆಂಗಳೂರಿನ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ (ಹೆಸರು ಬೇಡ) ತಳದಲ್ಲಿ ಅರ್ಧಚಂದ್ರನ ಗುರುತಿದ್ದ ನೀಲಿ ಟೀ ಪಾಟಿಗೆ ಒಂದು ತಿಂಗಳ ಸಂಬಳ ಸುರಿದೆ. ಅದನ್ನು ಎದೆಗವಚಿಕೊಂಡು ಮನೆಗೆ ಬಂದರೆ, ಅಟ್ಟದ ಪಾಟು ಜಗುಲಿಯ ಮೇಲೆ ಕುಳಿತಿದೆ! ಹಳೆಯ ಸಾಮಾನಿಗೆ ಸ್ಟೀಲಿನ ಡಬ್ಬಿ ಕೊಡುವವನೊಡನೆ ನಮ್ಮ ಮನೆಯವರ ಚೌಕಾಶಿ ನಡೆದಿತ್ತು. ಅವನು ಕೇಳಿದ್ದಕ್ಕಿಂತ ದೊಡ್ಡ ಡಬ್ಬಿ ಬೇಕೆಂದು ಇವರು ಹಟ ಹಿಡಿದಿದ್ದರಿಂದ ಪಾಟು ಉಳಿಯಿತು.

ಈ ಎರಡರಲ್ಲಿ ಯಾವುದು ನಿಜವಾದ ಹಳೆಯ ಪಾತ್ರೆ? ಅದನ್ನು ತಿಳಿಯಬೇಕಾದರೆ ಈ ಪಾತ್ರೆಗಳು ಹುಟ್ಟಿದ ಬಗೆ ಗೊತ್ತಿರಬೇಕು.

ಕೆಂಗಲ್ ಎಂದರೆ ಕೆಂಪು ಕಲ್ಲು. ಕಕಾರಕ್ಕೆ ಗಕಾರ ಬಂದ ಆದೇಶಸಂಧಿ. ಕಬ್ಬಿಣದ ಅಂಶವುಳ್ಳ ಮಣ್ಣು ಸುಟ್ಟರೆ ನಮ್ಮ ಮಡಕೆಯಂತೆ ಕೆಂಪಾಗುತ್ತದೆ. ಬೆಳ್ಳಗೆ ಉಳಿಯುವ, ಬೆಳಕು ಹಾಯುವ ಪಾತ್ರೆಯ ಗುಟ್ಟು ಬಹುಕಾಲ ಚೀನಾ ದೇಶದವರಲ್ಲೇ ಇತ್ತು. ಅವರ ನೀಲಿ-ಬಿಳಿಯ ಪಾತ್ರೆಗಳು ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಟೀ ಸೊಪ್ಪಿನೊಡನೆ ಲಂಡನ್ನಿಗೆ ಬರುತ್ತಿದ್ದವು. ನೀಲಿ ಬರುವುದು ಕೋಬಾಲ್ಟ್‌ನಿಂದ. ಬಳಿಯುವಾಗ ಅದು ಕಪ್ಪಗಿದ್ದು, ಮೇಲೆ ಗಾಜಿನ ಹೊಳಪು ಕೊಟ್ಟು ಸುಟ್ಟ ಮೇಲೆ ನೀಲಿಯಾಗುತ್ತದೆ. ಆ ಉರಿಗೂ ನಾಶವಾಗದ ಬಣ್ಣಗಳು ಕೆಲವೇ. ನೀಲಿಯೇ ಎಲ್ಲೆಡೆ ಕಾಣುವುದು ಇದಕ್ಕಾಗಿ.

ಇಂಗ್ಲಿಷರು ಇದನ್ನು ಅನುಕರಿಸಲು ಹೊರಟು ಬಗೆಬಗೆಯ ಪಾಕ ಮಾಡಿದರು. ಲಂಡನ್ನಿನ ಬಳಿಯ ಬೋ ಕಾರ್ಖಾನೆಯವರು ಮೂಳೆಯ ಬೂದಿ ಬೆರೆಸಿದರು. (ಮಡಿಯವರು ಈ ವಾಕ್ಯವನ್ನು ಓದದೆ ಬಿಡಬಹುದು.) 1751ರಲ್ಲಿ ಆರಂಭವಾದ ವೂಸ್ಟರ್ ಕಾರ್ಖಾನೆಯವರು ಬೆರೆಸಿದ್ದು ಬಳಪದ ಕಲ್ಲಿನ ಪುಡಿ. ಬೇಲೂರಿನ ಮದನಿಕೆಯರು ಬಳಪದ ಕಲ್ಲಿನವರೆಂದು ನಾವು ಹೇಳುವುದಿಲ್ಲವೆ, ಆ ಜಾತಿಗೆ ಸೇರಿದ ಕಲ್ಲು. ಇಂಗ್ಲೆಂಡಿನಲ್ಲಿ ಕಾರ್ನ್‌ವಾಲ್ ಸೀಮೆಯಿಂದ ಬರುತ್ತಿತ್ತು. ಹುಳಿ ಕುದಿಸುವ ನಮ್ಮ ಕಲ್ಲುಮರಿಗೆ ಕಾವನ್ನು ತಾಳುವುದು ತಮಗೆ ಗೊತ್ತೇ ಇದೆ. ವೂಸ್ಟರಿನ ಟೀ ಪಾಟಿಗೂ ಅದೇ ಗುಣ ಬಂದಿತು. ಇತರರ ಪಾತ್ರೆಗಳು ಕುದಿನೀರು ಬಿದ್ದೊಡನೆ ಬಿರಿಯುತ್ತಿದ್ದಾಗ ಇದು ಬಿರಿಯಲಿಲ್ಲ.

ಆ ಕಾಲದ ಪಾಟುಗಳು ಚಿಕ್ಕವು. ಟೀ ಸೊಪ್ಪಿಗೆ ಅಷ್ಟು ಬೆಲೆ! 1784ರ ಶಾಸನದಿಂದ ಅದರ ಮೇಲಿನ ಸುಂಕ ಶೇಕಡ 119ರಿಂದ ಹನ್ನೆರಡೂವರೆಗೆ ಇಳಿಯಿತು. ಮುಂದೆ ಪಾಟುಗಳ ಹೊಟ್ಟೆಯೂ ಬೆಳೆಯಿತು. ಅದೇ ಸುಮಾರಿಗೆ ಸ್ಪೋಡ್ ಮೊದಲಾದವರು ಅಗ್ಗದ ಬಿಳಿ ಮಣ್ಣಿನ ಪಾತ್ರೆಗಳ ಮೇಲೂ ನೀಲಿ ಚಿತ್ರ ಅಚ್ಚೊತ್ತತೊಡಗಿದರು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಪಾತ್ರೆಗೆ ಅಂಟಿಸಿ ತಿಕ್ಕುವುದು ಕ್ರಮ. ಬಾಗಿದ ಮರ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಜೋಡಿ ಹಕ್ಕಿ ಇರುವ 'ವಿಲೋ' ಚಿತ್ರ ಹೀಗೆ ಮನೆಮನೆಗೆ ಹೋಯಿತು. ಅದಕ್ಕೆ ಹೇಳುವ ಚೀನಿ ಪ್ರೇಮಿಗಳ ಕಥೆ ಚೀನಾದ್ದಲ್ಲ. ಚಿತ್ರ ಬಂದ ಮೇಲೆ ಇಂಗ್ಲೆಂಡಿನಲ್ಲಿ ಕಟ್ಟಿದ್ದು.

ಇನ್ನು ಪರೀಕ್ಷೆ. ಎಲ್ಲರೂ ಮೊದಲು ಪಾಟನ್ನು ಬೋರಲು ಹಾಕಿ ಗುರುತು ಹುಡುಕುತ್ತಾರೆ. ನಾನು ಮೋಸಹೋದದ್ದೂ ಹೀಗೆಯೇ. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಸಾಹೇಬರು ವಾದಿಸಿದಾಗ, ಅಲ್ಲಿ ಬರೆದಿದ್ದ ಕಾಲವನ್ನು ನಂಬದೆ ಲಿಪಿಯನ್ನು ನೋಡಿದರು. ಪಾಟಿಗೂ ಅದೇ ನ್ಯಾಯ. ವೂಸ್ಟರಿನವರು ಅರ್ಧಚಂದ್ರ ಹಾಕಿದ್ದು ನಿಜ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ವೂಸ್ಟರಿನ ನಕಲು ಮಾಡಿದವರು ಆ ಚಂದ್ರನನ್ನು ಬಿಟ್ಟಾರೆಯೆ?

ಆದ್ದರಿಂದ ಮೈಯನ್ನೇ ನೋಡಿರಿ. ಕತ್ತಲೆಯ ಕೋಣೆಯಲ್ಲಿ ಪಾಟಿನೊಳಗೆ ಟಾರ್ಚು ಹಿಡಿಯಿರಿ. ಬೆಳಕು ಹಾಯದಿದ್ದರೆ ಬಹುಮಟ್ಟಿಗೆ ಅದು ಬಿಳಿ ಮಣ್ಣಿನದು. ಹಳೆಯ ವೂಸ್ಟರಿನಲ್ಲಿ ಬೆಳಕು ಸಾಮಾನ್ಯವಾಗಿ ತುಸು ಹಸಿರಾಗಿ ಹಾಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕುಂಚದ ಗೆರೆ ಒಂದೆಡೆ ಗಾಢ, ಒಂದೆಡೆ ತೆಳು. ಅಚ್ಚಿನದಾದರೆ ಸಣ್ಣ ಗೀಟು, ಚುಕ್ಕೆ. ಹಿಡಿಯ ಬಳಿ ಕಾಗದದ ತುದಿಗಳು ಸರಿಯಾಗಿ ಕೂಡದ ಜಾಗವೂ ಕಂಡೀತು. ತಳದ ಅಂಚು ನೂರಾರು ವರ್ಷ ಹಲಗೆಯ ಮೇಲೆ ಉಜ್ಜಿ ಅಡ್ಡಾದಿಡ್ಡಿ ಸವೆದಿರಬೇಕು. 'ಇಂಗ್ಲೆಂಡ್' ಎಂದು ಬರೆದಿದ್ದರೆ ಅದು ಸಾಧಾರಣವಾಗಿ 1891ರ ಈಚಿನದು. ಅಮೆರಿಕದವರು ಆಗ ಆಮದು ಸರಕಿಗೆ ದೇಶದ ಹೆಸರು ಬೇಕೆಂದು ವಿಧಿಸಿದರು. ಕೊನೆಗೆ ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರಂತೆ ಬೆರಳಿನಿಂದ ತಟ್ಟಿ ನೋಡಿರಿ. ಒಡಕಿದ್ದರೆ ದನಿ ಸುಳ್ಳು ಹೇಳದು.

ಅಂದು ರಾತ್ರಿ ಎರಡನ್ನೂ ಹೀಗೆ ನೋಡಿದೆ. ಸಂಬಳ ತಿಂದ ಪಾಟಿನಲ್ಲಿ ಬೆಳಕು ಬೆಳ್ಳಗೆ ಹಾಯಿತು, ತಳದಲ್ಲಿ ಒಂದು ಗೀರೂ ಇಲ್ಲ. ಅಟ್ಟದ ಪಾಟಿನಲ್ಲಿ ಬೆಳಕೇ ಹಾಯಲಿಲ್ಲ. ಅಂದರೆ ನಾವು ಪಿಂಗಾಣಿ ಎಂದುಕೊಂಡದ್ದು ಮಣ್ಣಿನದು, ವಿಲೋ ಅಚ್ಚಿನದು. ವೂಸ್ಟರಿನ ಬೆಲೆ ಅದಕ್ಕೆ ಬಾರದು. ಆದರೆ ಗೀಟು, ಕೂಡದ ತುದಿ, ಸವೆದ ತಳ, ಯಾವುದರಲ್ಲೂ ಕಪಟವಿಲ್ಲ. ಕೊಂಡಿಗಳನ್ನು ಕಿತ್ತು ಅಂಟು ಹಾಕಿಸೋಣವೆಂದುಕೊಂಡಿದ್ದೆ, ಸದ್ಯ, ಹಾಕಿಸಲಿಲ್ಲ. ಅಂಟು ಇಲ್ಲದ ಕಾಲದಲ್ಲಿ ಕೂಲಿ ಕೊಟ್ಟು ತೂತು ಕೊರೆಸಿ ಯಾರೋ ಉಳಿಸಿಕೊಂಡ ಪಾತ್ರೆ ಅದು.

ತಮ್ಮ ಮನೆಯಲ್ಲಿ ಇಂಥದಿದ್ದರೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿರಿ. ಒಂದು ಬಟ್ಟಲಿನ ಚಿನ್ನದ ಅಂಚನ್ನು ನಾನೇ ಹಾಗೆ ಕಳೆದಿದ್ದೇನೆ. ಉಗುರುಬೆಚ್ಚನೆಯ ನೀರು, ಹತ್ತಿಯ ಬಟ್ಟೆ ಸಾಕು. ಹಿಡಿ ಹಿಡಿದು ಎತ್ತಕೂಡದು; ಹೊಟ್ಟೆಗೆ ಎರಡೂ ಕೈ ಕೊಟ್ಟು ಎತ್ತಬೇಕು. ಹಳೆಯ ಹೊಳಪಿನಲ್ಲಿ ಸೀಸವಿರುತ್ತದೆ, ಆದ್ದರಿಂದ ಕುಡಿಯುವುದಕ್ಕೆ ಬೇಡ.

ನಮ್ಮ ಪಾಟಿಗೆ ಮುಚ್ಚಳ ಇನ್ನೂ ಸಿಕ್ಕಿಲ್ಲ. ಅದರ ಬಾಯಿಯ ಅಳತೆಗೆ ಕತ್ತರಿಸಿದ ರಟ್ಟಿನ ಬಿಲ್ಲೆಯೊಂದು ಸದಾ ನನ್ನ ಜೇಬಿನಲ್ಲಿದೆ. ಹಳೆಯ ಸಾಮಾನಿನ ಅಂಗಡಿ ಕಂಡಲ್ಲೆಲ್ಲ ಅದನ್ನು ಹೊರತೆಗೆಯುತ್ತೇನೆ. ನಮ್ಮ ಮನೆಯವರು ಬಾಗಿಲ ಹೊರಗೆ ನಿಂತು ಕಾಯುತ್ತಾರೆ.